ಯಾರ ಹಿತಕ್ಕಾಗಿ ಈ ಪಯಣ?

2020ನೆಯ ಇಸವಿಯ ಮಾರ್ಚ್ 18ರಂದು ಫ್ರಾನ್ಸ್ ದೇಶದ ವಾಯುಸೇನೆಯ ಒಂದು ದೊಡ್ಡ ವಿಮಾನವು ಆ ದೇಶದ ಪೂರ್ವದ ಗಡಿಯಲ್ಲಿರುವ ಮುಲೂಸ್ ನಗರದ ಬಳಿ ಇಳಿದು, ಕೋವಿಡ್ ಪೀಡಿತರಾದ ಆರು ಮಂದಿ ರೋಗಿಗಳನ್ನು ಹೊತ್ತು ದಕ್ಷಿಣದ ಸಮುದ್ರತೀರದ ಕಡೆಗೆ ಹಾರಿತು. ಯುದ್ಧಭೂಮಿಯಲ್ಲಿ ಗಾಯಗೊಂಡ ಸೈನಿಕರನ್ನು ಸ್ವದೇಶಕ್ಕೆ ಕರೆತರಲೆಂದು ಸಿದ್ಧಪಡಿಸಿದ್ದ ಉಪಕರಣಗಳನ್ನು ಅಂದು ಆ ವಿಮಾನದೊಳಗೆ ಜೋಡಿಸಲಾಗಿತ್ತು. ಮುಲೂಸಿನ ಆಸ್ಪತ್ರೆಯ ತೀವ್ರನಿಗಾ ಘಟಕದಲ್ಲಿ ಹಾಸಿಗೆಗಳು ತುಂಬಿಹೋಗಿದ್ದವು. ಮಾರ್ಸೇಲ್ ಮತ್ತು ತುಲೋನ್ ನಗರಗಳಲ್ಲಿ ಇನ್ನೂ ಸ್ಥಳವಿತ್ತು. ಆರು ಜೀವಗಳನ್ನು ಉಳಿಸಲು ಒಂದು ರಾಜ್ಯವು ತನ್ನ ಯುದ್ಧಸಾಮಗ್ರಿಯನ್ನೇ ವಿನಿಯೋಗಿಸಿತೆಂದು ಜನರು ಮೆಚ್ಚಿದರು. ಮೆಚ್ಚತಕ್ಕ ಕಾರ್ಯವೇ ಅದು. ಆದರೆ ಆ ಪಯಣವು ಯಾರ ಹಿತಕ್ಕಾಗಿ ನಡೆಯಿತೆಂದು ವಿಚಾರಿಸಿದರೆ ಉತ್ತರವು ಮೇಲ್ನೋಟಕ್ಕೆ ಕಾಣುವಷ್ಟು ಸರಳವಾಗಿಲ್ಲ.

ಅತ್ಯಂತ ಅಪಾಯದಲ್ಲಿರುವವನನ್ನೇ ಮೊದಲು ಒಯ್ಯುತ್ತಾರೆಂದು ಯಾರಾದರೂ ಊಹಿಸುವುದು ಸಹಜ. ಇಂತಹ ವರ್ಗಾವಣೆಗಳಲ್ಲಿ ವೈದ್ಯರು ಅನುಸರಿಸಿದ ಕ್ರಮವೇ ಬೇರೆ. ರಕ್ತದೊತ್ತಡವು ಕುಸಿಯುತ್ತಿರುವವರನ್ನು, ಬೋರಲು ಮಲಗಿಸಿದಾಗ ಮಾತ್ರ ರಕ್ತಕ್ಕೆ ಸಾಕಷ್ಟು ಆಮ್ಲಜನಕ ದೊರೆಯುವವರನ್ನು ಅವರು ಕದಲಿಸಬಯಸುವುದಿಲ್ಲ. ಒಂದೆರಡು ದಿನಗಳಲ್ಲಿ ಉಸಿರಾಟದ ಯಂತ್ರದಿಂದ ಬಿಡುಗಡೆ ಹೊಂದುವ ಲಕ್ಷಣವುಳ್ಳವರನ್ನು ಕದಲಿಸುವುದರಿಂದ ಪ್ರಯೋಜನವಿಲ್ಲ. ಪಯಣವನ್ನು ತಾಳಿಕೊಳ್ಳುವಷ್ಟು ಸ್ಥಿರನಾಗಿದ್ದು, ಹಾಸಿಗೆಯನ್ನು ಇನ್ನೂ ಬಹುಕಾಲ ಬಿಡಲಾರದವನು ಯಾರೋ ಅವನೇ ಆಯ್ಕೆಗೆ ಅರ್ಹನಾಗುತ್ತಾನೆ. ಅಂದರೆ, ಇದ್ದ ಸ್ಥಳದಲ್ಲಿಯೇ ಇದ್ದಿದ್ದರೂ ಅವನಿಗೆ ಚಿಕಿತ್ಸೆ ಸಾಗುತ್ತಿತ್ತು.

ಇನ್ನು ಆಕಾಶಮಾರ್ಗವಾದರೋ ನಿರಪಾಯವಾದುದಲ್ಲ. ವಿಮಾನವು ಎಷ್ಟೇ ಭದ್ರವಾಗಿರಲಿ, ಅದರ ಒಳಗಿನ ಗಾಳಿಯ ಒತ್ತಡವು ನೆಲದ ಮೇಲಿನಂತೆ ಇರುವುದಿಲ್ಲ. ಸಾಮಾನ್ಯವಾಗಿ 6000ದಿಂದ 8000 ಅಡಿ ಎತ್ತರದ ಬೆಟ್ಟದ ಮೇಲೆ ಎಷ್ಟಿರುವುದೋ ಅಷ್ಟಿರುತ್ತದೆ. 8000 ಅಡಿಯ ಮಟ್ಟದಲ್ಲಿ ಪ್ರತಿ ಉಸಿರಿಗೆ ದೊರೆಯುವ ಆಮ್ಲಜನಕವು ಸಮುದ್ರಮಟ್ಟದ ಸುಮಾರು ಮುಕ್ಕಾಲು ಪಾಲು ಮಾತ್ರ. ಆರೋಗ್ಯವಂತನಿಗೆ ಇದು ಅರಿವಿಗೂ ಬಾರದು. ಶ್ವಾಸಕೋಶವೇ ಕೆಟ್ಟಿರುವವನಿಗೆ ಅದೇ ದೊಡ್ಡ ನಷ್ಟವಾಗುತ್ತದೆ. ಒತ್ತಡವು ಇಳಿದಂತೆ ದೇಹದೊಳಗೆ ಸಿಕ್ಕಿಕೊಂಡ ಗಾಳಿಯು ಮೂರನೆಯ ಒಂದು ಪಾಲಿನಷ್ಟು ಹಿಗ್ಗುತ್ತದೆ. ಎದೆಗೂಡಿನಲ್ಲಿ ಸೋರಿದ ಗಾಳಿಯ ಸಣ್ಣ ಗುಳ್ಳೆಯೊಂದಿದ್ದರೆ ಅದು ಹಾರಾಟದ ನಡುವೆ ಪ್ರಾಣಾಂತಿಕವಾಗಬಹುದು. ಕಡಿಮೆ ಎತ್ತರದಲ್ಲಿ ಹಾರಿದರೆ ಈ ತೊಂದರೆ ತಗ್ಗುತ್ತದೆ, ಇಂಧನದ ವೆಚ್ಚ ಹೆಚ್ಚುತ್ತದೆ. ಎಂಜಿನ್ನಿನ ಸದ್ದಿನಲ್ಲಿ ಸ್ಟೆತಾಸ್ಕೋಪಿನಿಂದ ಎದೆಯ ಶಬ್ದವನ್ನು ಕೇಳುವುದು ಬಹು ಕಷ್ಟ. ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಕೊಳವೆಯನ್ನು ಬದಲಿಸುವ ಕ್ಷಣದಲ್ಲಿ ರೋಗಿಯ ಉಸಿರು ಹೊರಗೆ ಚಿಮ್ಮಿ ಶುಶ್ರೂಷಕರಿಗೆ ಸೋಂಕು ತಗಲುವ ಭಯ. ಆದುದರಿಂದ ಕೊಳವೆಯನ್ನು ಮೊದಲು ಇಕ್ಕಳದಿಂದ ಬಿಗಿದು ಅನಂತರವೇ ಬದಲಿಸುತ್ತಾರೆ. ಜೊತೆಗೆ, ಪಯಣಕ್ಕೆ ಬೇಕಾದ ಆಮ್ಲಜನಕವೆಷ್ಟು, ವಿಳಂಬವಾದರೆ ಇನ್ನೆಷ್ಟು ಎಂಬ ಲೆಕ್ಕವನ್ನು ಏರುವ ಮೊದಲೇ ಮಾಡಿ ಮುಗಿಸಬೇಕು. ಆಕಾಶದಲ್ಲಿ ಸಾಲ ಕೊಡುವ ನೆರೆಮನೆಯಿಲ್ಲ.

ಇಷ್ಟು ಅಪಾಯವನ್ನು ಆ ರೋಗಿಯ ಮೇಲೆ ಹೊರಿಸಿದ್ದು ಏಕೆ? ಮುಖ್ಯವಾಗಿ, ಅವನು ತೆರವು ಮಾಡುವ ಹಾಸಿಗೆಗಾಗಿ. ಆ ರಾತ್ರಿಯೋ ಮರುದಿನವೋ ಏದುಸಿರು ಬಿಡುತ್ತ ಬಾಗಿಲಿಗೆ ಬರಲಿರುವ, ಇನ್ನೂ ಹೆಸರು ತಿಳಿಯದ ಒಬ್ಬನಿಗೆ ಸ್ಥಳ ಬೇಕಾಗಿತ್ತು. ಹೊಸದಾಗಿ ಬರುವವನನ್ನು ದೂರಕ್ಕೆ ಸಾಗಿಸುವಷ್ಟು ಸಮಯವಿಲ್ಲ. ಮೊದಲೇ ಬಂದು ಸ್ಥಿರನಾದವನನ್ನು ಸಾಗಿಸಬಹುದು. ಯುಕ್ತಿಯು ನಿರ್ದುಷ್ಟವಾಗಿದೆ. ಆದರೂ ಒಬ್ಬನ ಒಳಿತಿಗಾಗಿ ಇನ್ನೊಬ್ಬನ ಪ್ರಾಣವನ್ನು ಸ್ವಲ್ಪಮಟ್ಟಿಗಾದರೂ ಪಣಕ್ಕಿಡುವುದು ಧರ್ಮವೇ ಎಂಬ ಪ್ರಶ್ನೆಯು ಉಳಿಯುತ್ತದೆ.

ಇದಕ್ಕೊಂದು ಸಮಾಧಾನವನ್ನು ಹೇಳುವುದುಂಟು: ಕಿಕ್ಕಿರಿದ ಆಸ್ಪತ್ರೆಯಲ್ಲಿ, ದಣಿದ ವೈದ್ಯರ ಕೈಯಲ್ಲಿ ಉಳಿಯುವುದಕ್ಕಿಂತ ಬಿಡುವಿರುವ ಆಸ್ಪತ್ರೆಗೆ ಹೋಗುವುದು ಅವನಿಗೂ ಹಿತವೇ. ಇದು ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ಮನೆಯವರಿಗೆ ದೂರವಾಣಿಯಲ್ಲಿ ತಿಳಿಸುವಾಗ ಈ ಅರ್ಧವನ್ನಷ್ಟೇ ಹೇಳಿ, "ನಿಮ್ಮವರ ಒಳ್ಳೆಯದಕ್ಕೇ ಒಯ್ಯುತ್ತಿದ್ದೇವೆ" ಎಂದು ಮುಗಿಸುವುದು ಸುಲಭ. ಮುಚ್ಚಿಟ್ಟ ಅರ್ಧವು ಸತ್ಯವ್ರತಕ್ಕೆ ಲೋಪವನ್ನು ತರುತ್ತದೆಂಬುದನ್ನು ಈ ಪುಟಗಳ ವಾಚಕರಿಗೆ ವಿವರಿಸಬೇಕಾಗಿಲ್ಲ. "ಇನ್ನೊಬ್ಬರಿಗೂ ಸ್ಥಳವಾಗುತ್ತದೆ" ಎಂದು ತಿಳಿಸಿ ಕೇಳಿದ್ದರೆ ಎಷ್ಟೋ ಮನೆಯವರು ಒಪ್ಪುತ್ತಿದ್ದರು. ಒಪ್ಪಬಹುದಾದವರನ್ನು ಕೇಳದೆಯೇ ಬಿಡುವುದು ಅವರ ಔದಾರ್ಯವನ್ನು ಕಸಿದುಕೊಂಡಂತೆ.

ಇನ್ನು ಕೆಲವರು ಆ ರೋಗಿಯು ತನ್ನ ಹಾಸಿಗೆಯನ್ನು ದಾನ ಮಾಡಿದನೆಂದು ಹೊಗಳುತ್ತಾರೆ. ಇಲ್ಲಿ ವಿವೇಕವು ಅಗತ್ಯ. ದಾನವೆಂಬುದು ಕೊಡುವವನ ಇಚ್ಛೆಯಿಂದ ಆಗತಕ್ಕದ್ದು. ಮಂಪರಿನ ಔಷಧದಿಂದ ಎಚ್ಚರವಿಲ್ಲದೆ ಮಲಗಿದವನು ಏನನ್ನೂ ಕೊಡಲಿಲ್ಲ, ಅವನಿಂದ ಪಡೆಯಲಾಯಿತು. ಪಡೆದದ್ದು ಸತ್ಕಾರ್ಯಕ್ಕೇ ಇರಬಹುದು, ಆದರೂ ಪಡೆದವರ ಮೇಲೆ ಋಣವು ನಿಲ್ಲುತ್ತದೆ. ಆ ಋಣವು ತೀರುವುದು ಯತ್ನಾಚಾರದಿಂದ. ಪ್ರಮಾದದಿಂದ ಪ್ರಾಣಹಾನಿ ಆದಾಗ ಹಿಂಸೆಯೆನ್ನುವ ನಮ್ಮ ಶಾಸ್ತ್ರವು, ಸಂಪೂರ್ಣ ಎಚ್ಚರದಿಂದ ನಡೆದವನ ಕೃತಿಯನ್ನು ಬೇರೆ ತೂಕದಲ್ಲಿ ಇಡುತ್ತದೆ. ಕೊಳವೆಯನ್ನು ಬಿಗಿಯುವ ಆ ಇಕ್ಕಳ, ಎರಡು ಸಲ ಎಣಿಸಿದ ಸಿಲಿಂಡರುಗಳು, ಎದೆಯಲ್ಲಿ ಗಾಳಿಯ ಗುಳ್ಳೆಯಿಲ್ಲವೆಂದು ಏರುವ ಮೊದಲು ನೋಡಿಕೊಂಡ ಎಕ್ಸ್-ರೇ, ಇವೆಲ್ಲ ಕೇವಲ ವೈದ್ಯರ ಕಸುಬಿನ ವಿವರಗಳಲ್ಲ. ಎಚ್ಚರವಿಲ್ಲದವನ ಪರವಾಗಿ ಎಚ್ಚರವಾಗಿರುವ ಹೊಣೆಯನ್ನು ಹೊತ್ತವರು ಅದನ್ನು ತೀರಿಸಿದ ಬಗೆ ಇದು. ಅವಸರದಲ್ಲಿ ಒಂದನ್ನು ಬಿಟ್ಟಿದ್ದರೂ, ಹಾನಿಯಾಗದೆ ಪಾರಾದರೂ, ದೋಷವು ತಗಲದೆ ಇರಲಾರದು.

ರೈಲಿನ ಮಾತನ್ನೂ ಇಲ್ಲಿ ಹೇಳಬೇಕು. ಅದೇ ಮಾರ್ಚ್ 26ರಂದು ಸ್ಟ್ರಾಸ್‌ಬರ್ಗ್ ನಗರದಿಂದ ವೇಗದ ರೈಲೊಂದು 20 ಮಂದಿ ರೋಗಿಗಳನ್ನು ಪಶ್ಚಿಮದ ಊರುಗಳಿಗೆ ಒಯ್ದಿತು. ರೈಲಿನಲ್ಲಿ ಗಾಳಿಯ ಒತ್ತಡ ಕುಸಿಯದು. ಅವಶ್ಯವಾದರೆ ನಡುವೆ ನಿಲ್ಲಿಸಲೂಬಹುದು. ಆ ವಸಂತದಲ್ಲಿ ಫ್ರಾನ್ಸಿನಲ್ಲಿ ಹೀಗೆ ಸ್ಥಳಾಂತರಗೊಂಡವರು 600ಕ್ಕೂ ಹೆಚ್ಚು. ಅವರಲ್ಲಿ ಕೆಲವರು ಗಡಿ ದಾಟಿ ಜರ್ಮನಿ, ಸ್ವಿಟ್ಜರ್ಲೆಂಡ್ ಮೊದಲಾದ ನೆರೆದೇಶಗಳನ್ನೂ ಸೇರಿದರು.

ಕಳುಹಿಸಿದವರ ಧರ್ಮವನ್ನು ವಿಚಾರಿಸಿದಂತೆ ಬರಮಾಡಿಕೊಂಡವರ ಧರ್ಮವನ್ನೂ ವಿಚಾರಿಸುವುದು ಉಚಿತ. ಮಾರ್ಚ್ 28ರಂದು ಜರ್ಮನಿಯ ವಾಯುಸೇನೆಯ ವಿಮಾನವು ಇಟಲಿಯ ಬೆರ್ಗಾಮೋ ನಗರದಿಂದ ಆರು ಮಂದಿಯನ್ನು ಕಲೋನ್‌ಗೆ ಕರೆತಂದಿತು. ಅಂದು ಜರ್ಮನಿಯಲ್ಲಿ ಹಾಸಿಗೆಗಳು ಖಾಲಿಯಿದ್ದುದು ನಿಜ. ಆದರೆ ರೋಗವು ಅಲ್ಲಿಯೂ ಏರುತ್ತಲೇ ಇದ್ದು, ನಾಳೆ ತಮ್ಮವರಿಗೇ ಅವು ಬೇಕಾಗಬಹುದೆಂಬ ಭಯವು ನ್ಯಾಯವಾದುದೇ ಆಗಿತ್ತು. ನಾಳೆಯ ಭಯಕ್ಕೆಂದು ಇಂದು ಖಾಲಿಯಾಗಿ ಇಟ್ಟುಕೊಂಡ ಹಾಸಿಗೆ ಪರಿಗ್ರಹವೇ ಅಲ್ಲವೇ? ಗೃಹಸ್ಥನು ಮನೆಗೆ ಬೇಕಾದಷ್ಟು ಧಾನ್ಯವನ್ನು ಕೂಡಿಡುವುದನ್ನು ಯಾರೂ ಪಾಪವೆನ್ನಲಿಲ್ಲ, ಮಿತಿಯನ್ನು ಇಟ್ಟುಕೊಳ್ಳೆಂದರು. ಮಿತಿಯು ಎಲ್ಲಿದೆಯೆಂದು ಆ ದಿನ ಯಾವ ಲೆಕ್ಕವೂ ಹೇಳುತ್ತಿರಲಿಲ್ಲ. ತಿಳಿಯದಿರುವಾಗಲೇ ಬಾಗಿಲು ತೆರೆದರೆಂಬುದು ಅವರ ಹಿರಿಮೆ.

ನಮ್ಮ ದೇಶದಲ್ಲಿ 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇದೇ ಪ್ರಶ್ನೆಯು ಬೇರೆ ವೇಷದಲ್ಲಿ ಬಂದಿತು. ಇಲ್ಲಿ ರೋಗಿಗಳನ್ನು ಹೊತ್ತು ಹೈದರಾಬಾದ್, ಚೆನ್ನೈ ಮುಂತಾದ ನಗರಗಳ ಆಸ್ಪತ್ರೆಗಳಿಗೆ ಹಾರಿದ ವಿಮಾನಗಳು ಬಹುಮಟ್ಟಿಗೆ ಬಾಡಿಗೆಯವು. ಅಲ್ಲಿ ಆಯ್ಕೆ ಮಾಡಿದ್ದು ವೈದ್ಯನ ವಿವೇಕವಷ್ಟೇ ಅಲ್ಲ, ಮನೆಯವರ ಹಣದ ಚೀಲವೂ ಹೌದು. ತಂದೆಗಾಗಿ ಹೊಲ ಮಾರಿ ವಿಮಾನ ಗೊತ್ತುಮಾಡಿದ ಮಗನನ್ನು ನಿಂದಿಸುವುದು ಕ್ರೌರ್ಯವಾದೀತು. ಆದರೂ ದೂರದ ಊರಿನಲ್ಲಿ ಅವನು ಹಿಡಿದ ಹಾಸಿಗೆಯು ಅಲ್ಲಿನ ಬಡವನಿಗೆ ತಪ್ಪಿತೇ ಎಂಬ ಯೋಚನೆಯು ಅವನಿಗೆ ಅಂದು ಬರದಿದ್ದರೂ ಎಂದಾದರೂ ಬಾರದೆ ಇರದು.

ಆ ದಿನಗಳಲ್ಲಿಯೇ ಭಾರತೀಯ ವಾಯುಸೇನೆಯು ಇನ್ನೊಂದು ಬಗೆಯ ಸಾಗಾಟವನ್ನು ಕೈಗೊಂಡಿತು. ಏಪ್ರಿಲ್ 24ರಂದು ಅದರ ಸಿ-17 ವಿಮಾನವು ಸಿಂಗಪುರದಿಂದ ಆಮ್ಲಜನಕದ ನಾಲ್ಕು ಖಾಲಿ ಟ್ಯಾಂಕುಗಳನ್ನು ಬಂಗಾಳದ ಪಾನಾಗಢಕ್ಕೆ ತಂದಿತು. ದ್ರವರೂಪದ ಆಮ್ಲಜನಕವು ಆವಿಯಾಗಿ ಸೋರುತ್ತಲೇ ಇರುವುದರಿಂದ, ಮುಚ್ಚಿದ ವಿಮಾನದೊಳಗೆ ಬೆಂಕಿಯ ಭಯ ವಿಪರೀತ. ಆದುದರಿಂದ ಖಾಲಿಯಾದುವನ್ನು ಆಕಾಶದಲ್ಲಿಯೂ ತುಂಬಿದುವನ್ನು ನೆಲದ ಮೇಲೆಯೂ ಒಯ್ಯಬೇಕಾಯಿತು. ಮೇ 11ರಂದು ಟಾಟಾನಗರದಿಂದ ಬೆಂಗಳೂರಿನ ವೈಟ್‌ಫೀಲ್ಡಿಗೆ 120 ಟನ್ ಆಮ್ಲಜನಕವು ರೈಲಿನಲ್ಲಿಯೇ ಬಂದಿತು. ಉಸಿರು ಇರುವಲ್ಲಿಗೆ ರೋಗಿಯನ್ನು ಒಯ್ಯುವ ಬದಲು ರೋಗಿಯಿರುವಲ್ಲಿಗೆ ಉಸಿರನ್ನು ತರುವ ಈ ಮಾರ್ಗದಲ್ಲಿ ಯಾರನ್ನೂ ಆರಿಸಬೇಕಾಗಿರಲಿಲ್ಲ, ಎಚ್ಚರವಿಲ್ಲದ ಯಾರಿಂದಲೂ ಏನನ್ನೂ ಪಡೆಯಬೇಕಾಗಿರಲಿಲ್ಲ. ಆದರೆ ಟ್ಯಾಂಕು ತಲುಪಿದಲ್ಲೆಲ್ಲ ಯಂತ್ರವನ್ನು ಬಲ್ಲ ವೈದ್ಯನೂ ದಾದಿಯೂ ಇರಲಿಲ್ಲವಾಗಿ ಇದೊಂದೇ ಸಾಲದಾಯಿತು.

ಹೀಗೆ ಒಯ್ಯಲ್ಪಟ್ಟವನು ಬದುಕುಳಿದು, ವಾರಗಳ ಅನಂತರ ಎಚ್ಚರಗೊಂಡನೆನ್ನೋಣ. ತಾನು ಮಲಗಿದ್ದ ಊರು ಇದಲ್ಲ. ಕಿಟಕಿಯಾಚೆ ಕಾಣುವುದು ಬೇರೆ ಊರು, ದಾದಿಯರ ಮಾತು ಬಹುಶಃ ಬೇರೆ ಭಾಷೆ. ನಾನೆಲ್ಲಿದ್ದೇನೆಂದು ಅವನು ಕೇಳುತ್ತಾನೆ. ಊರಿನ ಹೆಸರನ್ನು ಹೇಳುತ್ತಾರೆ. ಏಕೆ ಕರೆತಂದಿರೆಂಬುದು ಎರಡನೆಯ ಪ್ರಶ್ನೆ. ಮುಲೂಸಿನಲ್ಲಿ ಅವನ ಹಾಸಿಗೆಯ ಮೇಲೆ ಮಲಗಿದವನ ಸಂಗತಿಯನ್ನು ಅವನಿಗೆ ಹೇಳತಕ್ಕವರು ಆಗ ಆ ಕೋಣೆಯಲ್ಲಿ ಇರಬೇಕು.