ಇಲ್ಲದ ಗೇರು

೨೦೨೩ರಲ್ಲಿ ಹ್ಯುಂಡೈ ಹೊರತಂದ ಅಯಾನಿಕ್ ೫ ಎನ್ ಎಂಬ ವಿದ್ಯುತ್ ಕಾರಿನಲ್ಲಿ ಬದಲಿಸಬೇಕಾದ ಗೇರುಗಳೇ ಇಲ್ಲ. ಬೇಕೆಂದವರಿಗೆ ಎಂಟು ಗೇರುಗಳ ನಟನೆಯುಂಟು. ಬದಲಿಸಲು ತಡವಾದರೆ ಗಾಡಿ, ಪಾಪ, ಮುಗ್ಗರಿಸಿದಂತೆ ಮಾಡುತ್ತದೆ. ಓದಿ ನಕ್ಕೆ, ನಗು ನಿಂತ ಮೇಲೆ ಯೋಚನೆ ಹತ್ತಿತು.

೧೯೮೯ರ ಮಾಜ್ದಾ ಮಿಯಾಟಾ ಒಂದು ಟನ್ನಿಗೂ ಹಗುರ, ವೇಗವೂ ಅಷ್ಟಕ್ಕಷ್ಟೆ. ಕುದುರೆಯೂ ಸವಾರನೂ ಒಂದಾಗಬೇಕೆಂಬುದು ಅದನ್ನು ಕಟ್ಟಿದವರ ಹಂಬಲ. ಕ್ಲಚ್ಚು ತಪ್ಪಿದರೆ ಅದು ನಿಜವಾಗಿಯೇ ಕುಲುಕುತ್ತದೆ. ಆದ್ದರಿಂದಲೇ ಸರಿಹೋದಾಗಿನ ಹಿಗ್ಗು ಚಾಲಕನ ಸ್ವಂತದ್ದು. ಅಂಥ ಗಾಡಿಗಳು ಈಗ ವಿರಳ. ಎರಡು ಟನ್ನು ಮೀರಿದ ಹೊಸದು ಕಾಲೂರಿದೊಡನೆ ಅದನ್ನು ಎಲ್ಲಿಯೋ ಹಿಂದಿಕ್ಕುತ್ತದೆ, ಹೊಗೆಯೂ ಇಲ್ಲ. ಅದು ಸಣ್ಣ ಪುಣ್ಯವಲ್ಲ, ಒಪ್ಪುತ್ತೇನೆ.

ಆದರೆ ಗುಂಡಿಯೊತ್ತಿ ಅಳಿಸಬಹುದಾದ ತಪ್ಪು, ತಪ್ಪೇ? ತಪ್ಪಲು ಎಡೆಯೇ ಇಲ್ಲದಲ್ಲಿ ಕೈಗೆ ಕಲಿಯಲು ಏನುಳಿಯಿತು? ಈ ಸಂಶಯ ಕಟ್ಟಿದವರನ್ನೂ ಕಾಡಿರಬೇಕು. ಇಲ್ಲದ ಗೇರಿಗಾಗಿ ಅಷ್ಟು ಶ್ರಮಪಟ್ಟಿದ್ದಾರೆ.