ಗುಡ್ಡದ ಲೆಕ್ಕ

ಮನುಷ್ಯನ ಸ್ವಭಾವ ಪ್ರಯಾಣದಲ್ಲಿ ತಿಳಿಯುತ್ತದೆ ಎನ್ನುತ್ತಾರೆ. ನನಗೆ ತಿಳಿದದ್ದು ನನ್ನದೇ ಸ್ವಭಾವ.

ಮಳೆಗಾಲ ಮುಗಿದ ಮೇಲೆ ಗೆಳೆಯನೊಬ್ಬನ ಜೊತೆ ಹೊಸಪೇಟೆಯಿಂದ ಹೊರಟೆ. ಹಂಪಿಯ ಬಂಡೆಗಳನ್ನೂ ಕಂಪ್ಲಿಯ ತುಂಗಭದ್ರೆಯನ್ನೂ ಕಂಡು, 1994ರಲ್ಲಿ ಕರಡಿಗಳಿಗಾಗಿ ಮೀಸಲಾದ ದರೋಜಿಯ ಕಾಡನ್ನು ನೋಡಿ, ಸಂಡೂರಿನ ಹಸಿರು ಬೆಟ್ಟಗಳತ್ತ ತಿರುಗಿದೆವು. ಅಲ್ಲಿ ಅದಿರಿಗಾಗಿ ಅಗೆದ ಗುಡ್ಡಗಳು ಕೆಂಪಗೆ ಬಾಯ್ದೆರೆದಿದ್ದವು.

"ಸೃಷ್ಟಿಯನ್ನು ಹೀಗೆ ಹಾಳುಮಾಡಬಹುದೇ?" ಎಂದೆ.

ಗೆಳೆಯ ತುಸುಹೊತ್ತು ಸುಮ್ಮನಿದ್ದ. "2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ನನ್ನ ಲಾರಿಯೂ ನಿಂತಿತು ಭಾಯಿ. ಗುಡ್ಡ ಉಳಿಯಿತು, ಮನೆಯ ಒಲೆ ಆರಿತು" ಎಂದ.

ನಾನು ನಾಚಿದೆ. ನೋಡಿ ಹೋಗುವವನಿಗೆ ಗುಡ್ಡ ಚೆಲುವು. ಅಲ್ಲೇ ಬಾಳುವವನಿಗೆ ಅನ್ನ.

ಹಾಗಾದರೆ ಅಗೆಯುವುದೇ ತಪ್ಪೇ? ಅಲ್ಲ. ಕಬ್ಬಿಣದಲ್ಲಿ ಜನರಿಗೆ ಪ್ರಯೋಜನವಿದೆಯೆಂದು ಕುರ್‌ಆನ್ ತಿಳಿಸುತ್ತದೆ. ಭೂಮಿಯಲ್ಲಿ ಕ್ಷೋಭೆ ಹರಡಬಾರದೆಂದೂ ಎಚ್ಚರಿಸುತ್ತದೆ. ನಮ್ಮ ಪಾಲನ್ನು ಉಣ್ಣಲು ಅನುಮತಿಯಿದೆ, ಮುಂದಿನವರ ಪಾಲನ್ನು ನುಂಗಲು ಇಲ್ಲ. ಆದರೆ ಗುಡ್ಡ ಉಳಿಯಲಿ ಎನ್ನುವ ನಾವು, ಅದಕ್ಕಾಗಿ ಅನ್ನ ಕಳೆದುಕೊಂಡವನ ಬಾಗಿಲನ್ನು ಒಮ್ಮೆಯಾದರೂ ತಟ್ಟಿದ್ದೇವೆಯೇ?

ನಾಳೆ ಅಲ್ಲಾಹನ ಮುಂದೆ ಗುಡ್ಡದ ಲೆಕ್ಕವೂ ಇದೆ, ಹಸಿದ ನೆರೆಯವನ ಲೆಕ್ಕವೂ ಇದೆ.