ಹೈದರನ ವರಹ, ಅಮ್ಮನ ದೇವರು

ಅಮ್ಮನ ವರ್ಷಾಂತಿಕ ಮುಗಿಸಿ ಊರಿನಿಂದ ನ್ಯೂಜೆರ್ಸಿಗೆ ಮರಳಿ ತಿಂಗಳಾದರೂ ಒಂದು ಪ್ರಶ್ನೆ ನಮ್ಮ ಬೆನ್ನು ಬಿಟ್ಟಿಲ್ಲ. ಓದುಗ ಬಾಂಧವರಲ್ಲಿ ಹಿರಿಯರಿದ್ದೀರಿ, ಶಾಸ್ತ್ರ ಬಲ್ಲವರಿದ್ದೀರಿ. ಅದಕ್ಕೇ ನಿಮ್ಮ ಮುಂದಿಡುತ್ತಿದ್ದೇವೆ.

ನಮ್ಮದು ಹೊಸನಗರದ ಕಡೆಯ ಹಳ್ಳಿ. ಅಮ್ಮನ ದೇವರ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಚಿನ್ನದ ವರಹ ಇತ್ತು. ಮೂರೂವರೆ ಗ್ರಾಂಗೂ ತುಸು ಕಡಿಮೆ ತೂಕ. ಒಂದು ಬದಿಯಲ್ಲಿ ಶಿವ ಪಾರ್ವತಿಯರು ಜೊತೆಯಾಗಿ ಕುಳಿತಿದ್ದಾರೆ. ಪ್ರತಿ ಶುಕ್ರವಾರ ಅದಕ್ಕೆ ಸ್ನಾನ, ಅರಿಶಿನ, ಕುಂಕುಮ. ವರಮಹಾಲಕ್ಷ್ಮಿ ಹಬ್ಬಕ್ಕೆ ಅದೇ ಕಳಶದೊಳಗೆ. ಅಮ್ಮನಿಗೆ ಅವರ ಅತ್ತೆಯಿಂದ ಬಂದದ್ದು. ಕೆಳದಿ ಅರಸರ ಕಾಲದ್ದೆಂದು ಮನೆಯವರೆಲ್ಲರ ನಂಬಿಕೆ.

ಈ ಸಲ ಅಣ್ಣ ಎರಡೂ ಬದಿಯ ಫೋಟೋ ತೆಗೆದು ಕಳಿಸಿದ. ಕೆಳದಿಯ ವರಹವಾದರೆ ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ ‘ಶ್ರೀ ಸದಾಶಿವ’ ಎಂದಿರಬೇಕು. ಇದರಲ್ಲಿ ಕಾಳು ಕಾಳಾದ ಚುಕ್ಕೆಗಳು, ನಡುವೆ ಬಾಗಿದ ಒಂದೇ ಒಂದು ಅಕ್ಷರ. ಆಫೀಸಿನ ಇರಾನಿ ಗೆಳೆಯನಿಗೆ ತೋರಿಸಿದೆವು. “ಇದು ನಮ್ಮ ‘ಹೆ’ ಅಕ್ಷರ” ಎಂದ. ನಾಣ್ಯಶಾಸ್ತ್ರದ ಪುಸ್ತಕ ನೋಡಿದಾಗ ಅನುಮಾನವೇ ಉಳಿಯಲಿಲ್ಲ. ಅದು ಹೈದರ್ ಅಲಿ ಟಂಕಿಸಿದ ಬಹದ್ದೂರಿ ವರಹ. ‘ಹೆ’ ಅವನ ಹೆಸರಿನ ಮೊದಲ ಅಕ್ಷರ.

ಏನೋ ಸಂಶೋಧನೆ ಮಾಡಿದ ಹುಮ್ಮಸ್ಸಿನಲ್ಲಿ ಅಣ್ಣನಿಗೆ ಫೋನ್ ಮಾಡಿದೆವು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ನೋಡೋ, ಬಿದನೂರು ಸೂರೆ ಮಾಡಿದವನ ನಾಣ್ಯ ಅದು. ಇಷ್ಟು ದಿನ ಗೊತ್ತಿರಲಿಲ್ಲ, ಸರಿ. ಇನ್ನು ದೇವರ ಪೆಟ್ಟಿಗೆಯಲ್ಲಿ ಬೇಡ. ಮಾರಿ ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಡೋಣ” ಎಂದ. ತಂಗಿ ಅತ್ತೇಬಿಟ್ಟಳು. “ಅಮ್ಮ ನಲವತ್ತು ವರ್ಷ ಕೈಮುಗಿದದ್ದು ಯಾರಿಗೆ ಹಾಗಾದ್ರೆ?” ಎಂಬುದು ಅವಳ ಪ್ರಶ್ನೆ.

ಅಣ್ಣನ ಸಿಟ್ಟು ಹುಸಿಯಲ್ಲ. 1763ರಲ್ಲಿ ಹೈದರ್ ಬಿದನೂರನ್ನು ರಾಣಿ ವೀರಮ್ಮಾಜಿಯಿಂದ ಗೆದ್ದುಕೊಂಡ, ಅಪಾರ ಸಂಪತ್ತು ಅವನ ಕೈಸೇರಿತು. ಊರಿನ ಹೆಸರು ಹೈದರ್‌ನಗರವಾಯಿತು; ಇಂದಿಗೂ ನಾವದನ್ನು ‘ನಗರ’ ಎಂದೇ ಕರೆಯುತ್ತೇವೆ. ಆದರೆ ವರಹದ ಮೇಲಿದ್ದ ಶಿವ ಪಾರ್ವತಿಯರನ್ನು ಅವನು ಅಳಿಸಲಿಲ್ಲ, ಹಿಂಬದಿಯಷ್ಟೇ ಬದಲಾಯಿಸಿದ. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಸ್ಕ್ರೀನ್ ಹಾಗೇ ಇಟ್ಟು ಒಳಗಿನ ಕೋಡ್ ಬದಲಾಯಿಸಿದ ಹಾಗೆ! ಇದರಲ್ಲಿ ಭಕ್ತಿಗಿಂತ ವ್ಯವಹಾರಜ್ಞಾನವೇ ಹೆಚ್ಚೆಂದು ನಮ್ಮ ಅನಿಸಿಕೆ. ಸಂತೆಯ ಜನಕ್ಕೆ ಗುರುತಿರುವ ದೇವರಿದ್ದರೆ ತಾನೇ ನಾಣ್ಯ ಕೈಯಿಂದ ಕೈಗೆ ಓಡುವುದು? ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯವರೂ ವೆಂಕಟೇಶ್ವರ ಮತ್ತು ಇಬ್ಬರು ದೇವಿಯರ ವರಹ ಟಂಕಿಸಿದರು. ಅವರೇನು ತಿರುಪತಿಗೆ ಮುಡಿಪು ಕಟ್ಟಿಕೊಂಡವರಲ್ಲ. ಟಿಪ್ಪು ತನ್ನ ವರಹದಲ್ಲಿ ದೇವರ ಚಿತ್ರ ಬಿಟ್ಟ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ನಾಣ್ಯದಲ್ಲಿ ಶಿವ ಪಾರ್ವತಿಯರು ಮತ್ತೆ ಬಂದು ಕುಳಿತರು.

ಇದು ನಮ್ಮ ನಾಡಿನ ಕಥೆ ಮಾತ್ರವಲ್ಲ. ರೋಮನ್ ಸಾಮ್ರಾಜ್ಯದ ಪ್ರಾಂತಗಳ ನಾಣ್ಯಗಳಲ್ಲಿ ಎಷ್ಟೋ ಸಲ ಒಂದು ಬದಿ ಚಕ್ರವರ್ತಿಯ ತಲೆ, ಇನ್ನೊಂದು ಬದಿ ಆ ಊರಿನದೇ ದೇವರು. ಸಿರಿಯಾದ ಎಮೆಸಾ, ಅಂದರೆ ಈಗಿನ ಹೋಮ್ಸ್ ಊರಿನ ನಾಣ್ಯದಲ್ಲಿ ಗುಡಿಯೊಳಗೊಂದು ಮೊನಚಾದ ಕಲ್ಲು ಇದೆ. ಅದು ಅವರ ಸೂರ್ಯದೇವರು. ಮಗಳು ಚಿತ್ರ ನೋಡಿ “ಲಿಂಗ!” ಎಂದಳು. ಚಕ್ರವರ್ತಿಗೆ ಆ ದೇವರಲ್ಲಿ ನಂಬಿಕೆ ಇರಬೇಕೆಂದು ಊರವರು ಕಾದರೇ?

ಅಣ್ಣನ ಪಕ್ಷದಲ್ಲಿ ನಿಲ್ಲುವವರು ಈ ದೇಶದಲ್ಲೂ ಒಬ್ಬರಿದ್ದರು. ಡಾಲರಿನ ಮೇಲೆ ‘ದೇವರಲ್ಲಿ ನಮ್ಮ ನಂಬಿಕೆ’ ಎಂದು ಅಚ್ಚಾಗಿರುವುದನ್ನು ದಿನವೂ ನೋಡುತ್ತೇವೆ. 1907ರಲ್ಲಿ ಹೊಸ ಚಿನ್ನದ ನಾಣ್ಯಗಳು ಆ ಮಾತಿಲ್ಲದೆ ಹೊರಬಂದವು. ಹಣದ ಮೇಲೆ ದೇವರ ಹೆಸರು ಹಾಕುವುದೇ ಅಪಚಾರ ಎಂಬುದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ ವಾದ. ಜನ ಗಲಾಟೆ ಎಬ್ಬಿಸಿದರು, 1908ರಲ್ಲಿ ಕಾಂಗ್ರೆಸ್ ಕಾನೂನು ಮಾಡಿ ಅದನ್ನು ಮರಳಿ ಹಾಕಿಸಿತು. ರೂಸ್‌ವೆಲ್ಟರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆವು. ಹೆಂಡದಂಗಡಿಯಲ್ಲೂ ಓಡುವ ವಸ್ತುವಲ್ಲವೇ ಅದು?

ಆದರೂ ಅಣ್ಣನ ವಾದ ನಮಗೆ ಒಪ್ಪಿಗೆಯಾಗುವುದಿಲ್ಲ. ಇಲ್ಲಿನ ನಮ್ಮ ದೇವಸ್ಥಾನಗಳ ಮೂರ್ತಿಗಳು ಭಾರತದಿಂದ ಹಡಗಿನಲ್ಲಿ ಬಂದಾಗ ಕಸ್ಟಮ್ಸ್ ಕಾಗದದಲ್ಲಿ ಅವೂ ಸರಕೇ, ಅವಕ್ಕೂ ಒಂದು ಬೆಲೆ ನಮೂದಾಗಿರುತ್ತದೆ. ಕೆತ್ತಿದ ಶಿಲ್ಪಿ ಆಸ್ತಿಕನೋ ಅಲ್ಲವೋ ಎಂದು ನಾವಾರೂ ವಿಚಾರಿಸಿಲ್ಲ. ಪ್ರಾಣಪ್ರತಿಷ್ಠೆಯಾದ ಮೇಲೆ ಆ ಕಾಗದವನ್ನು ಯಾರು ನೆನೆಯುತ್ತಾರೆ?

ವರಹಕ್ಕೆ ಪ್ರತಿಷ್ಠೆ ಆಗಿಲ್ಲ, ನಿಜ. ಕಳಶದಲ್ಲಿ ಆವಾಹನೆ, ಮರುದಿನ ವಿಸರ್ಜನೆ. ಹಾಗಾದರೆ ಶುಕ್ರವಾರ ದೇವರು, ಶನಿವಾರ ಬರೀ ಚಿನ್ನವೇ? ಇದಕ್ಕೆ ಅಮ್ಮನೇ ಒಮ್ಮೆ ಉತ್ತರ ಕೊಟ್ಟಿದ್ದರು. ನಮಗೆ ಆಗ ತಿಳಿಯಲಿಲ್ಲ. ನಮಗೆ ಇಂಜಿನಿಯರಿಂಗ್ ಸೀಟು ಸಿಕ್ಕ ವರ್ಷ ಅಡಿಕೆಗೆ ಕೊಳೆರೋಗ, ಕೈಯಲ್ಲಿ ಕಾಸಿಲ್ಲ. ಅಮ್ಮ ತಮ್ಮ ಬಳೆಗಳ ಜೊತೆ ಆ ವರಹವನ್ನೂ ಗಿರವಿಗೆ ಕೊಟ್ಟರು. ಅಂಗಡಿಗೆ ಒಯ್ದವನು ಅಣ್ಣನೇ. ಎಂಟು ತಿಂಗಳು ಅದು ಯಾರದೋ ತಿಜೋರಿಯಲ್ಲಿತ್ತು. ಅಮ್ಮ ಶುಕ್ರವಾರ ಆ ಖಾಲಿ ಜಾಗಕ್ಕೇ ಕುಂಕುಮ ಇಡುತ್ತಿದ್ದರು. ಬಿಡಿಸಿ ತಂದ ದಿನ ಹಾಲಿನಲ್ಲಿ ತೊಳೆದು ಮೊದಲಿನ ಜಾಗದಲ್ಲಿ ಕೂರಿಸಿದರು, ಅಷ್ಟೇ. ದೇವರನ್ನು ಅಡವಿಟ್ಟೆನಲ್ಲಾ ಎಂಬ ಅಳುಕು ಅವರ ಮುಖದಲ್ಲಿ ನಾವು ಕಾಣಲಿಲ್ಲ.

ಹಾಗಾಗಿ ಮಾರುವುದೇ ಪಾಪವೆಂದು ನಾವು ಹೇಳುತ್ತಿಲ್ಲ. ನಾಳೆ ಮನೆಯಲ್ಲಿ ಯಾರದ್ದಾದರೂ ಓದಿಗೋ ಔಷಧಿಗೋ ಬೇಕಾದರೆ ಮಾರಲಿ, ಅಮ್ಮ ಬೇಡ ಎನ್ನುತ್ತಿರಲಿಲ್ಲ. ಹಿಂಬದಿಯ ಒಂದು ಅಕ್ಷರಕ್ಕಾಗಿ ಮಾತ್ರ ಬೇಡ. ಅದನ್ನು ಹಾಕಿಸಿದವನು ಅಮ್ಮನ ಶುಕ್ರವಾರಗಳಿಗೆ ಯಾರು? ಇಲ್ಲಿಗೆ ತಂದು ನಾವೇ ಇಟ್ಟುಕೊಳ್ಳೋಣವೆಂದರೆ ಅದೂ ಆಗದು. ನೂರು ವರ್ಷ ಮೀರಿದ ನಾಣ್ಯವನ್ನು ಹೊರದೇಶಕ್ಕೆ ಒಯ್ಯಲು 1972ರ ಪುರಾತನ ವಸ್ತುಗಳ ಕಾಯಿದೆ ಬಿಡುವುದಿಲ್ಲ.

ಕಳೆದ ಭಾನುವಾರ ಅಣ್ಣನಿಗೆ ಇಷ್ಟನ್ನೂ ಹೇಳಿ, ಜೀರ್ಣೋದ್ಧಾರದ ಹಣ ನಾವು ಕಳಿಸುತ್ತೇವೆ, ಬರುವ ವರಮಹಾಲಕ್ಷ್ಮಿಯವರೆಗಾದರೂ ತಡೆ ಎಂದು ಕೇಳಿಕೊಂಡೆವು. ಅವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. “ಗಿರವಿ ಅಂಗಡಿಗೆ ಹೋದದ್ದು ನಿನಗಿನ್ನೂ ನೆನಪಿದೆಯೇನೋ?” ಎಂದಷ್ಟೇ ಕೇಳಿ ಫೋನನ್ನು ಅತ್ತಿಗೆಯ ಕೈಗೆ ಕೊಟ್ಟ.